ಸಮತಟ್ಟಿನಲ್ಲಿ ನಿಂತ ಟಿಟಿ

ಮೂಡಿಗೆರೆ, ಆಲ್ದೂರು ಕಡೆ ಹಳೆಯ ಡೀಸೆಲ್ ಗಾಡಿಗಳನ್ನು ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸುವುದು ವಾಡಿಕೆ. ಬೆಳಿಗ್ಗೆ ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು) ಕೈಕೊಟ್ಟರೆ ಹ್ಯಾಂಡ್‌ಬ್ರೇಕ್ ಇಳಿಸಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರಾಯಿತು. ಹೀಗೆ ಉರುಳಿದ ಕೂಡಲೇ ಇಂಜಿನ್ ಹಿಡಿದರೆ ಡೀಸೆಲ್ ಬರುತ್ತಿದೆ, ಕರೆಂಟಿನ ಕಡೆ ಏನೋ ಐಬಿದೆ ಎಂದೇ ಅರ್ಥ. ಅದನ್ನು ನೋಡಿಸುವ ಬದಲು ಇಳಿಜಾರನ್ನೇ ನಂಬಿ ವರ್ಷ ದೂಡುವವರು ಬಹಳ. ಆದರೆ ಹಳೆಯ ಟಿಟಿಯ, ಅಂದರೆ ಟೆಂಪೋ ಟ್ರಾವೆಲರಿನ, ಸೀಟು ಕಿತ್ತು ಮಂಚ, ಸಿಂಕು, ಸಣ್ಣ ಫ್ರಿಡ್ಜು ಕೂರಿಸಿಕೊಂಡವರಿಗೆ ಈ ಉಪಾಯ ಒಗ್ಗದು. ಇಳಿಜಾರಿನಲ್ಲಿ ಮಲಗಿದರೆ ಬೆಳಗಾಗುವಷ್ಟರಲ್ಲಿ ತಲೆ ಡ್ರೈವರ್ ಸೀಟಿನ ಬೆನ್ನಿಗೆ ಬಡಿದಿರುತ್ತದೆ.

ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದರೆ ಒಳ್ಳೆಯ ಮೇಸ್ತ್ರಿ ಬಾನೆಟ್ ಎತ್ತುವ ಮೊದಲು ಕೇಳುವುದು, ‘ಸೆಲ್ಫ್ ಹೊಡೀತಾ ಸಾರ್?’ ಉತ್ತರ ಕಿವಿಯಲ್ಲೇ ಇದೆ. ಟಕಟಕಟಕ ಎಂದು ಬಡಬಡಿಸಿದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಒಂದೇ ಒಂದು ‘ಟಕ್’ ಅಂದು ಸುಮ್ಮನಾದರೆ ಸೊಲೆನಾಯ್ಡ್ (ಮೋಟಾರಿಗೆ ಕರೆಂಟು ಕೂಡಿಸುವ ಸ್ವಿಚ್ಚು) ಎಳೆದಿದೆ, ಮೋಟಾರು ತಿರುಗಿಲ್ಲ: ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಹೆಡ್‌ಲೈಟ್ ಜೋರಾಗಿ ಉರಿಯುತ್ತಿದ್ದೂ ಸದ್ದೇ ಇಲ್ಲವೆಂದರೆ ಇಗ್ನಿಷನ್ ಸ್ವಿಚ್ಚು, ಅಲ್ಲಿಂದ ಸೆಲ್ಫಿಗೆ ಹೋಗುವ ಸಣ್ಣ ವೈರು ನೋಡಬೇಕು.

ಅತಿ ಹೆಚ್ಚು ಮೋಸ ಮಾಡುವುದು ಮಾತ್ರ ನಿಧಾನವಾಗಿ, ನರಳುತ್ತಾ ತಿರುಗುವ ಸೆಲ್ಫು. ಎಲ್ಲರೂ ಬ್ಯಾಟರಿಯನ್ನೇ ಬೈಯುತ್ತಾರೆ. ರಾತ್ರಿಯೆಲ್ಲ ನಿಂತ ಗಾಡಿಯ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಅನುಮಾನಿಸಿ. ಬೀಳದಿದ್ದರೆ ದುಡ್ಡು ಕೊಟ್ಟು ಹೊಸದು ತರಬೇಡಿ, ಅರ್ತ್ (ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ) ನೋಡಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ (ಕ್ಲಾಂಪಿಗಲ್ಲ, ಗೂಟಕ್ಕೇ), ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಹೆಚ್ಚಾಗಿ ಚಾಸಿಯಿಂದ ಇಂಜಿನ್ನಿಗೆ ಹೋಗುವ ಅರ್ತ್ ಪಟ್ಟಿ ಕಿಲುಬು ಹಿಡಿದಿರುತ್ತದೆ. ನಮ್ಮ ಮಳೆಗೆ ಇದು ಮಾಮೂಲಿ. ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಲ್ಲಿ ಹೊಳೆಯುವಂತೆ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಹಚ್ಚಿದರೆ ಸಾಕು.

ಕ್ಯಾಂಪರಿನಲ್ಲಿ, ಅಂದರೆ ಹೀಗೆ ಮಂಚ-ಫ್ರಿಡ್ಜು ಕೂರಿಸಿದ ಗಾಡಿಯಲ್ಲಿ, ಇನ್ನೊಂದು ಕಳ್ಳದಾರಿಯಿದೆ. ಫ್ರಿಡ್ಜು ಓಡಿಸುವ ‘ಮನೆಯ’ ಬ್ಯಾಟರಿ ಮತ್ತು ಇಂಜಿನ್ ಬ್ಯಾಟರಿಯನ್ನು ಕೂಡಿಸಿ ಬಿಡಿಸುವ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡರೆ, ರಾತ್ರಿ ಫ್ರಿಡ್ಜು ಎರಡನ್ನೂ ಕುಡಿಯುತ್ತದೆ. ಇಂಜಿನ್ ಆಫ್ ಮಾಡಿ, ಫ್ರಿಡ್ಜ್ ಓಡಿಸಿ ಎರಡರ ವೋಲ್ಟೇಜೂ ನೋಡಿ. ಜೊತೆಜೊತೆಗೇ ಇಳಿದರೆ ರಿಲೇ ಬದಲಿಸಿ. ಎಲ್ಲ ಆಫ್ ಇದ್ದಾಗ 50 ಮಿಲಿಆಂಪಿಯರ್ ಒಳಗೆ ಸೋರಿದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಸೋರಿದರೆ ವಾರಕ್ಕೆ 84 ಆಂಪಿಯರ್-ಅವರ್ ಹೋಯಿತು, ಅಂದರೆ ಹೆಚ್ಚುಕಡಿಮೆ ಇಡೀ ಬ್ಯಾಟರಿ.

ಸೆಲ್ಫ್ ಚುರುಕಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಸೈಲೆನ್ಸರ್ ಕಡೆ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪಿಲ್ಲ. ಕೀ ತಿರುಗಿಸಿದಾಗ ಡೀಸೆಲ್ ಪಂಪಿನ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ತಡೆದು ಇಂಜಿನ್ ನಿಲ್ಲಿಸುವಂಥದ್ದು) ಸದ್ದು ಮಾಡಬೇಕು. ಇಂಜಿನ್ ನಿಲ್ಲಿಸಲು ಕೇಬಲ್ ಇರುವ ಗಾಡಿಯಾದರೆ ಆ ಕೇಬಲ್ ಪೂರ್ತಿ ಹಿಂದಕ್ಕೆ ಬಂದಿರಬೇಕು. ಅದು ಸರಿಯಿದ್ದರೆ ಹೆಚ್ಚಾಗಿ ಏರ್ ತಗೊಂಡಿರುತ್ತದೆ, ಅಂದರೆ ಡೀಸೆಲ್ ಪೈಪಿಗೆ ಗಾಳಿ ಸೇರಿರುತ್ತದೆ. ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಪ್ರೈಮರ್ (ಡೀಸೆಲ್ ಎತ್ತುವ ಕೈಪಂಪು) ಒತ್ತಿ. ದಿನಾ ಬೆಳಿಗ್ಗೆ ಇದೇ ಕೆಲಸವಾದರೆ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ: ತಾಮ್ರದ ವಾಷರ್, ಫಿಲ್ಟರ್ ಸೀಲು, ಬಿರಿದ ರಬ್ಬರ್ ಪೈಪು. ಪಂಪಿಗೆ ಮುಂಚೆ ಒಂದು ತುಂಡು ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಜನವರಿಯ ಬೆಳಗಿನಲ್ಲಿ ಸಿಲಿಂಡರಿನ ಒಳಗನ್ನು ಕಾಯಿಸುವ ಹೀಟರ್ ಪ್ಲಗ್ಗಿಲ್ಲದೆ ಈ ಹಳೆಯ ಇಂಜಿನ್‌ಗಳು ಅಲುಗುವುದಿಲ್ಲ. ವೈರ್ ಕಳಚಿ ಒಂದೊಂದು ಪ್ಲಗ್ಗನ್ನೂ ಅಳೆಯಿರಿ. ಸುಮಾರು ಒಂದು ಓಮ್ ಬಂದರೆ ಜೀವಂತ, ಮೀಟರ್ ಅಲುಗದಿದ್ದರೆ ಸತ್ತಿದೆ. ನಾಲ್ಕರಲ್ಲಿ ಒಂದು ಸತ್ತರೆ ಗಾಡಿ ನಡುಗುತ್ತಾ, ಹೊಗೆ ಕಾರುತ್ತಾ ಹೇಗೋ ಹಿಡಿಯುತ್ತದೆ, ಹಾಗಾಗಿ ಎರಡನೆಯದು ಸಾಯುವ ತನಕ ಯಾರೂ ಬದಲಿಸುವುದಿಲ್ಲ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ, ಸೆಲ್ಫಿನ ಆರ್ಮೇಚರ್ (ಒಳಗೆ ತಿರುಗುವ ಸುರುಳಿ) ಉಳಿಯುತ್ತದೆ. ಹೀಟರ್ ಇರುವ ಇಂಜಿನ್ನಿಗೆ ಈಥರ್ ಸ್ಪ್ರೇ ಮಾತ್ರ ಹೊಡೆಯಲೇಬೇಡಿ. ಕಾದ ಪ್ಲಗ್ಗಿಗೆ ತಾಗಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಪಿಸ್ಟನ್ನೇ ಒಡೆಯಬಹುದು.