ಅರ್ಥಶಾಸ್ತ್ರದ ತಾಳೆಗರಿ ಇರುವುದು ಮೈಸೂರಿನಲ್ಲೇ: ಒಂದು ಸ್ಪಷ್ಟನೆ

ಕೌಟಿಲ್ಯ ಸ್ವತಃ ಬರೆದ ಅರ್ಥಶಾಸ್ತ್ರದ ತಾಳೆಗರಿ ಬೆಂಗಳೂರಿನ ಮಿಥಿಕ್ ಸೊಸೈಟಿಯಲ್ಲಿದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಆ ಪ್ರತಿ ಇರುವುದು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ. 1891ರಲ್ಲಿ ಓರಿಯೆಂಟಲ್ ಲೈಬ್ರರಿ ಎಂದು ಶುರುವಾದ ಸಂಸ್ಥೆ ಅದು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟಿನಲ್ಲಿದ್ದದ್ದು ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿದವರು ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಸಂಸ್ಕೃತ ಪಠ್ಯ, 1915ರಲ್ಲಿ ಇಂಗ್ಲಿಷ್ ಅನುವಾದ ಅಚ್ಚಾದವು.

ಇನ್ನು 'ಸ್ವಹಸ್ತಾಕ್ಷರ'ದ ಮಾತು. ಗರಿಗಳ ಮೇಲಿರುವುದು ಗ್ರಂಥ ಲಿಪಿ, ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದದ್ದು. ಕೌಟಿಲ್ಯನ ಕಾಲಕ್ಕೆ ಆ ಲಿಪಿಯೇ ಹುಟ್ಟಿರಲಿಲ್ಲ. ನಮ್ಮ ಹವೆಯಲ್ಲಿ ಗರಿ ಕೆಲವು ಶತಮಾನ ಬಾಳಿದರೆ ಹೆಚ್ಚು. ಹುಳ ಹಿಡಿಯುವ ಮುಂಚೆ ಯಾರೋ ಕಂಟದಿಂದ, ಅಂದರೆ ಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿಯಿಂದ, ಗೀರಿ ಹೊಸ ಪ್ರತಿ ಮಾಡಬೇಕಿತ್ತು. ಹಾಗೆ ಹೆಸರಿಲ್ಲದ ಲಿಪಿಕಾರರು ದಾಟಿಸಿದ ಪ್ರತಿ ಇದು. ನನಗಂತೂ ಅದೇ ದೊಡ್ಡ ಸಂಗತಿ.

ಮಿಥಿಕ್ ಸೊಸೈಟಿ ಹುಟ್ಟಿದ್ದೂ 1909ರಲ್ಲೇ. ಗೊಂದಲಕ್ಕೆ ಅದೂ ಕಾರಣವಿರಬಹುದು. ನೃಪತುಂಗ ರಸ್ತೆಯ ಅದರ ಗ್ರಂಥಾಲಯಕ್ಕೆ ಇತಿಹಾಸ ಓದಲು ಖಂಡಿತ ಹೋಗಿ. ಈ ತಾಳೆಗರಿಗಾಗಿ ಮಾತ್ರ ಮೈಸೂರಿನಲ್ಲಿ ವಿಚಾರಿಸಿ.