'ನಂ. 6' ಮಾಂಗಾ ಬಗ್ಗೆ ಒಂದು ಸ್ಪಷ್ಟನೆ

'ನಂ. 6' ಅನ್ನುವ ಜಪಾನಿ ಕಥೆ ಮೊದಲು ಮಾಂಗಾ (ಜಪಾನಿ ಕಾಮಿಕ್ಸ್) ಆಗಿ ಬಂತು, ಆಮೇಲೆ ಅನಿಮೆ (ಜಪಾನಿ ಕಾರ್ಟೂನ್ ಧಾರಾವಾಹಿ) ಮಾಡಿದರು ಅಂತ ಸುಮಾರು ಜನ ಬರೆಯುತ್ತಿದ್ದಾರೆ. ಅದು ತಪ್ಪು. ಮೂಲ ಅತ್ಸುಕೊ ಅಸಾನೊ ಅವರ ಕಾದಂಬರಿ, 2003ರಿಂದ 2011ರವರೆಗೆ 9 ಸಂಪುಟಗಳಲ್ಲಿ ಬಂದಿದ್ದು. 11 ಕಂತಿನ ಅನಿಮೆ ಪ್ರಸಾರವಾಗಿದ್ದು 2011ರಲ್ಲಿ, ಹಿನೊಕಿ ಕಿನೊ ಮಾಂಗಾ ಬರೆಯಲು ಶುರು ಮಾಡಿದ್ದೂ ಅದೇ ವರ್ಷ.

ಹಾಗಂತ ಮಾಂಗಾ ಬರೀ ನಕಲು ಅಂತ ತಳ್ಳಿಹಾಕಬೇಡಿ! ಕಥೆಯ ಶುರುವಿನಲ್ಲಿ ಬಿರುಗಾಳಿಯ ರಾತ್ರಿ, ಹನ್ನೆರಡು ವರ್ಷದ ಶಿಯೋನ್ ಕಿಟಕಿ ತೆರೆದಿಟ್ಟಿರುತ್ತಾನೆ, ಸೆರೆಯಿಂದ ತಪ್ಪಿಸಿಕೊಂಡು ಬಂದ, ಗಾಯಗೊಂಡ ಹುಡುಗ ನೆಜುಮಿ ಒಳಗೆ ಬರುತ್ತಾನೆ, ಅವನು ಯಾರು ಏನು ಅಂತಲೂ ವಿಚಾರಿಸದೆ ಶಿಯೋನ್ ಗಾಯಕ್ಕೆ ಹೊಲಿಗೆ ಹಾಕುತ್ತಾನೆ. ಎಲ್ಲರನ್ನೂ ಕಣ್ಣಿಟ್ಟು ಕಾಯುವ ಊರಲ್ಲಿ ಅದೇ ದೊಡ್ಡ ಅಪರಾಧ. ಅನಿಮೆ ಕೊನೆಗೆ ಕಥೆಯನ್ನು ಅವಸರದಲ್ಲಿ ಮುಗಿಸಿಬಿಡುತ್ತದೆ, ನನಗಂತೂ ಮಾಂಗಾನೇ ಜಾಸ್ತಿ ಇಷ್ಟ.