ಅಟ್ಟ ಮೇಲೆ ಉರಿಯುವ ಒಲೆ

ನನ್ನ ಬಲಗೈ ಹೆಬ್ಬೆರಳಲ್ಲಿ ಒಂದು ಬೊಬ್ಬೆ ಎದ್ದಿದೆ. ಸುಟ್ಟದ್ದಲ್ಲ, ಉಜ್ಜಿದ್ದು. ನಿನ್ನೆ ಭಾನುವಾರ ಒಂದೂವರೆ ಗಂಟೆ ಕೂತು ಒಂದು ಕಪ್ಪು ಗಾಜನ್ನು ಉಜ್ಜಿದ್ದೇನೆ. ಕಿಟಕಿಯಲ್ಲ, ಕನ್ನಡಿಯಲ್ಲ. ಒಲೆ. "ಇದರಲ್ಲಿ ಉಜ್ಜುವ ಕೆಲಸವೇ ಇಲ್ಲ, ಒಂದು ಸಲ ಬಟ್ಟೆ ಎಳೆದರೆ ಮುಗೀತು" ಅಂತ ಹೇಳಿಸಿಕೊಂಡು ಮನೆಗೆ ಬಂದ, ಗಾಜಿನ ಕೆಳಗಿನ ತಂತಿ ಕೆಂಪಗೆ ಕಾಯುವ ಕರೆಂಟ್ ಒಲೆ.

ಆ ಮಾತು ಪೂರ್ತಿ ಸುಳ್ಳಲ್ಲ. ಹಾಲು ಉಕ್ಕದಿದ್ದರೆ, ಎಣ್ಣೆ ಸಿಡಿಯದಿದ್ದರೆ, ಪಾತ್ರೆಯ ತಳ ಒದ್ದೆ ಇರದಿದ್ದರೆ, ಅಂದರೆ ಅಡುಗೆಯನ್ನೇ ಮಾಡದಿದ್ದರೆ, ಒಂದು ಸಲ ಬಟ್ಟೆ ಎಳೆದರೆ ನಿಜಕ್ಕೂ ಸಾಕು.

ಒಲೆಗೂ ನ್ಯಾಯ ಸಲ್ಲಬೇಕು. ಗ್ಯಾಸ್ ಒಲೆ ಇದ್ದಾಗ ಬರ್ನರ್ ಬಿಚ್ಚಿ, ಸ್ಟ್ಯಾಂಡ್ ನೆನೆಹಾಕಿ, ಪಿನ್ನು ಹಿಡಿದು ಒಂದೊಂದೇ ತೂತು ಚುಚ್ಚುತ್ತಾ ಕೂರುತ್ತಿದ್ದೆ. ಅದು ತಪ್ಪಿತು. ಸಣ್ಣ ಪಾತ್ರೆ ಸ್ಟ್ಯಾಂಡಿನ ಕಾಲುಗಳ ನಡುವೆ ವಾಲಿ ಬೀಳುವುದು ತಪ್ಪಿತು. ಫ್ಯಾನ್ ಹಾಕಿಕೊಂಡೇ ಅಡುಗೆ ಮಾಡಬಹುದು, ಆರಿಹೋಗಲು ಉರಿಯೇ ಇಲ್ಲವಲ್ಲ. ಇಂಡಕ್ಷನ್ ಒಲೆಯಾದರೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು ಅಂತ ಹಟ ಹಿಡಿಯುತ್ತದೆ. ಇದಕ್ಕೆ ಸ್ಟೀಲು, ತಾಮ್ರ, ಅಲ್ಯೂಮಿನಿಯಂ ಎಲ್ಲವೂ ಒಂದೇ. ತಳ ಮಾತ್ರ ಚಪ್ಪಟೆ ಇರಬೇಕು. ನನ್ನ ಹಳೇ ಬಾಣಲೆಯ ತಳ ಉಬ್ಬಿದೆ. ಅದನ್ನಿಟ್ಟು ಸೌಟು ಆಡಿಸಿದರೆ ಬಾಣಲೆಯೇ ಬುಗುರಿಯ ಹಾಗೆ ಸುತ್ತುತ್ತದೆ. ಬಿಸಿಯಾಗುವುದು ನಡುವಿನ ಒಂದು ಚುಕ್ಕೆ ಮಾತ್ರ. ಅದೀಗ ಅಟ್ಟದ ಮೇಲಿದೆ. ಕರೆಂಟ್ ಹೋದರೆ ನಾನೂ ಅಡುಗೆಮನೆಯಿಂದ ಹೊರಗೆ. ಅದನ್ನು ಲಾಭದ ಪಟ್ಟಿಗೆ ಸೇರಿಸಬೇಕೋ ನಷ್ಟದ ಪಟ್ಟಿಗೋ ಇನ್ನೂ ನಿರ್ಧಾರವಾಗಿಲ್ಲ.

ನಮ್ಮನೆಯವರಿಗೆ ಅಡುಗೆ ಬರುವುದಿಲ್ಲ. ಒಲೆ ಬರುತ್ತದೆ. ಒಲೆಯ ಜೊತೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದಾರೆ, ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದಾರೆ. ಪಾತ್ರೆ ಎಳೀಬೇಡ, ಎತ್ತು. ಎರಕದ ಕಬ್ಬಿಣದ ಕಾವಲಿಯನ್ನಂತೂ ಎಳೀಲೇಬೇಡ, ಗೀರು ಬೀಳುತ್ತೆ. ಅಲ್ಯೂಮಿನಿಯಂ ಎಳೆದರೆ ಬೂದು ಗೆರೆ ಮೂಡುತ್ತೆ. ಸ್ಟೀಲ್ ನಾರು ಹತ್ತಿರ ತರಬೇಡ. ಹೀಗೆ ಹೇಳುತ್ತಾ ನನ್ನ ಹಿಂದೆ ಹಿಂದೆಯೇ ಓಡಾಡುತ್ತಾರೆ. ನಾನು ಅಡುಗೆ ಮಾಡುತ್ತಿದ್ದೇನೋ ಡ್ರೈವಿಂಗ್ ಕಲಿಯುತ್ತಿದ್ದೇನೋ ಗೊತ್ತಾಗುವುದಿಲ್ಲ.

ಆದರೆ ನಿಜವಾದ ಪೂಜೆ ರಾತ್ರಿ. ಊಟ ಮುಗಿದು, ನಾನು ಒಲೆ ಒರೆಸಿ, ಕೈ ಒರೆಸಿಕೊಂಡು ಹೊರಗೆ ಬಂದೆ ಅನ್ನುವಷ್ಟರಲ್ಲಿ ಇವರು ಎದ್ದು ಒಳಗೆ ಹೋಗುತ್ತಾರೆ. ಮೊದಲು ಅಡುಗೆಮನೆಯ ಲೈಟ್ ಆರಿಸುತ್ತಾರೆ. ನೋಡುವುದಕ್ಕೆ ಯಾರಾದರೂ ಲೈಟ್ ಆರಿಸುತ್ತಾರಾ? ಇವರು ಆರಿಸುತ್ತಾರೆ. ಮೇಲಿನ ಬೆಳಕಿನಲ್ಲಿ ಕಲೆ ಅಡಗಿಕೊಳ್ಳುತ್ತದಂತೆ. ಆಮೇಲೆ ಮೊಬೈಲಿನ ಟಾರ್ಚ್ ಹಚ್ಚಿ, ಬೆಳಕು ಗಾಜಿನ ಮೇಲೆ ಓರೆಯಾಗಿ ಹರಿಯುವ ಹಾಗೆ ಅಂಚಿನಲ್ಲಿ ಹಿಡಿಯುತ್ತಾರೆ. ಸೊಂಟ ಬಗ್ಗಿಸಿ, ಕೆನ್ನೆಯನ್ನು ಗಾಜಿನ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚುತ್ತಾರೆ. ಮರಗೆಲಸದವರು ಹಲಗೆ ನೇರ ಇದೆಯಾ ಅಂತ ನೋಡುತ್ತಾರಲ್ಲ, ಥೇಟ್ ಹಾಗೆ.

"ಇಲ್ಲೊಂದಿದೆ ನೋಡು."

"ಎಲ್ಲಿ? ನನಗೇನೂ ಕಾಣ್ತಿಲ್ಲ."

"ನಿಂತರೆ ಕಾಣಲ್ಲ. ಬಗ್ಗು."

ನಾನು ಬಗ್ಗುತ್ತೇನೆ. ಕಾಣುವುದಿಲ್ಲ. "ಇನ್ನೂ ಬಗ್ಗು" ಅನ್ನುತ್ತಾರೆ. ಇನ್ನೂ ಬಗ್ಗುತ್ತೇನೆ. ಒಂದು ದಿನ ಹೀಗೇ ಕತ್ತಲೆಯಲ್ಲಿ ಇಬ್ಬರೂ ಒಲೆಯ ಆಚೆಗೊಂದು ಈಚೆಗೊಂದು ಕೆನ್ನೆ ಇಟ್ಟು, ತಲಾ ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದಾಗ ಮಗಳು ನೀರು ಕುಡಿಯಲು ಬಂದಳು. ಬಾಗಿಲಲ್ಲೇ ನಿಂತು ನೋಡಿದಳು. ನೀರು ಕುಡಿಯದೆ ವಾಪಸ್ ಹೋದಳು.

ಅವತ್ತು ಇವರು ತೋರಿಸಿದ ಕಲೆ ಒಂದು ನಾಣ್ಯದಷ್ಟು ದೊಡ್ಡದಿತ್ತು, ಮಂಜು ಮಂಜಾಗಿತ್ತು. ಬಟ್ಟೆ ತಂದು ಒರೆಸಿದೆ, ಹೋಯಿತು. ಮತ್ತೆ ಬಂತು. ಮತ್ತೆ ಒರೆಸಿದೆ. ಮತ್ತೆ ಬಂತು. "ನೋಡಿದೆಯಾ, ಒಳಗಿಂದ ಬರ್ತಿದೆ" ಅಂದರು ಗಾಬರಿಯಿಂದ, ಇನ್ನಷ್ಟು ಹತ್ತಿರ ಬಗ್ಗಿ. ಕಲೆ ಇನ್ನಷ್ಟು ದೊಡ್ಡದಾಯಿತು.

"ರೀ, ಅದು ನಿಮ್ಮ ಉಸಿರು."

ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ನೋಡಿದರು. ಕಲೆ ಮಾಯವಾಯಿತು. ಇದಾದ ಮೇಲಾದರೂ ತಪಾಸಣೆ ನಿಲ್ಲುತ್ತದೆ ಅಂದುಕೊಂಡೆ. ಇಲ್ಲ. ಈಗ ಉಸಿರು ಬಿಗಿಹಿಡಿದು ನೋಡುತ್ತಾರೆ. ಕಲೆ ಸಿಕ್ಕರೆ ಮಾತಾಡಲಾಗದೆ ಬೆರಳು ಒತ್ತಿ ತೋರಿಸುತ್ತಾರೆ. ಬೆರಳು ತೆಗೆದ ಮೇಲೆ ಅಲ್ಲೊಂದು ಕಲೆ ಖಂಡಿತ ಇರುತ್ತದೆ.

ಈ ಗಾಜಿನ ಕುಲಗೋತ್ರವನ್ನೂ ಇವರೇ ನನಗೆ ಹೇಳಿದ್ದು. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಒಂದು ಗಾಜಿನ ತುಂಡನ್ನು 600 ಡಿಗ್ರಿಗೆ ಕಾಯಿಸಲು ಕುಲುಮೆಯಲ್ಲಿಟ್ಟರು. ಕುಲುಮೆ ಕೈಕೊಟ್ಟು ಬಿಸಿ 900 ಡಿಗ್ರಿಗೆ ಏರಿತು. ಗಾಜು ಕರಗಿ ಕುಲುಮೆಯೂ ಹಾಳಾಗಿರುತ್ತದೆ ಅಂದುಕೊಂಡು ಬಾಗಿಲು ತೆಗೆದರೆ, ಗಾಜು ಹಾಲಿನ ಹಾಗೆ ಬೆಳ್ಳಗಾಗಿ ಗಟ್ಟಿಯಾಗಿ ಕೂತಿತ್ತು. ತೆಗೆಯುವಾಗ ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ. ಗಾಜಿನ ಒಳಗೆಲ್ಲ ಸಣ್ಣ ಸಣ್ಣ ಹರಳು ಕಟ್ಟಿಕೊಂಡಿತ್ತು. ನಮ್ಮ ಒಲೆಯ ಗಾಜು ಆ ವಂಶದ್ದೇ. ಕಾಯಿಸಿದರೆ ಹಿಗ್ಗುವುದಿಲ್ಲ, ತಣಿದರೆ ಕುಗ್ಗುವುದಿಲ್ಲ ಅನ್ನಬಹುದಾದಷ್ಟು ಕಡಿಮೆ. ಅದಕ್ಕೇ ಕೆಂಪಗೆ ಕಾದಿರುವಾಗ ತಣ್ಣೀರು ಬಿದ್ದರೂ ಬಿರುಕು ಬಿಡುವುದಿಲ್ಲ.

ಕಥೆ ಚೆನ್ನಾಗಿದೆ. ಬಿಸಿ ಜಾಸ್ತಿಯಾದದ್ದಕ್ಕೆ ಅವರಿಗೆ ಹೆಸರು ಬಂತು. ನನ್ನ ಕೈಯಲ್ಲಿ ಜಾಸ್ತಿಯಾದರೆ ಟಾರ್ಚ್ ಬರುತ್ತದೆ.

ಬಿಸಿ ಜಾಸ್ತಿಯಾಗುವುದಾದರೂ ಯಾರ ತಪ್ಪು ಹೇಳಿ. ಗ್ಯಾಸ್ ಒಲೆಯಲ್ಲಿ ಹಾಲು ಉಕ್ಕಲು ಬಂದಾಗ ನಾಬ್ ತಿರುಗಿಸಿದರೆ ಸಾಕು, ಹಾಲು ತೆಪ್ಪಗೆ ಕೆಳಗಿಳಿಯುತ್ತಿತ್ತು. ಇಲ್ಲಿ ಆಫ್ ಒತ್ತಿದರೆ ಒಲೆಗೆ ಆಫ್ ಆಯಿತು, ಹಾಲಿಗೆ ಆಗಲಿಲ್ಲ. ಗಾಜು ಇನ್ನೂ ಕಾದೇ ಇರುತ್ತದೆ. ನಾನು ನೋಡುತ್ತಿದ್ದ ಹಾಗೇ, ನನ್ನ ಬೆರಳು ಆಫ್ ಬಟನ್ ಮೇಲೆ ಇರುವಾಗಲೇ, ಹಾಲು ನಿಧಾನವಾಗಿ ಅಂಚು ದಾಟಿ ಇಳಿದು ಬರುತ್ತದೆ. ಮೊದಲು ಪಾತ್ರೆ ಎತ್ತಬೇಕು, ಆಫ್ ಮಾಡುವುದು ಆಮೇಲೆ. ಇದನ್ನು ಕಲಿಯಲು ನನಗೆ ನಾಲ್ಕು ಲೀಟರ್ ಹಾಲು ಬೇಕಾಯಿತು. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಅಂತ ಗಾದೆ ಮಾಡಿದವರ ಮನೆಯಲ್ಲೂ ಇದೇ ಒಲೆ ಇದ್ದಿರಬೇಕು.

ಉಕ್ಕಿದ ಹಾಲು ಬಟನ್ನುಗಳ ಜಾಗಕ್ಕೆ ಹರಿದರೆ ಒಲೆ ಕೀ ಕೀ ಅಂತ ಬೊಬ್ಬೆ ಹಾಕಿ ತಾನಾಗಿಯೇ ಎಲ್ಲ ಬಂದ್ ಮಾಡುತ್ತದೆ. ಗಾಜಿನ ಮೇಲೆ ಬರೀ ಚಿತ್ರವಿರುವ ಬಟನ್ನುಗಳು, ಒದ್ದೆ ಬೆರಳಿಗೆ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಒದ್ದೆ ಬಟ್ಟೆಗೆ ಮಾತ್ರ ಚೆನ್ನಾಗಿ ಬಗ್ಗುತ್ತವೆ. ಒಂದು ಮೂಲೆ ಒರೆಸುತ್ತಿದ್ದರೆ ಇನ್ನೊಂದು ಮೂಲೆ 9ಕ್ಕೆ ಹೋಗಿ ಕೆಂಪಗಾಗಿರುತ್ತದೆ. ಅದಕ್ಕೊಂದು ಬೀಗದ ಚಿತ್ರ ಇದೆ, ಅದನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. ಮಕ್ಕಳಿಗಾಗಿ ಇರುವ ಬೀಗ ಅದು. ನಮ್ಮನೆಯಲ್ಲಿ ಅದು ಒರೆಸುವ ಬಟ್ಟೆಗೆ.

ಆಫ್ ಮಾಡಿದ ಮೇಲೆ ಕೆಂಪು ದೀಪದಲ್ಲಿ 'ಎಚ್' ಅಂತ ಒಂದು ಅಕ್ಷರ ಬಹಳ ಹೊತ್ತು ಉರಿಯುತ್ತಿರುತ್ತದೆ. ಹಾಟ್ ಅಂತ ಅರ್ಥವಂತೆ. ನಾನು ಹುಷಾರು ಅಂತ ಓದಿಕೊಳ್ಳುತ್ತೇನೆ.

ಅಮ್ಮ ಕೆಲವು ದಿನ ಇರಲು ಬಂದಿದ್ದಳು. ಒಲೆ ನೋಡಿ ಅವಳು ಕೇಳಿದ ಮೊದಲ ಪ್ರಶ್ನೆ: "ಉರಿ ಎಲ್ಲೇ?"

ಅವಳೂ ಬಗ್ಗಿ ನೋಡಿದಳು. ಇವರು ಬಗ್ಗುವುದು ಕಲೆ ನೋಡಲು, ಅಮ್ಮ ಬಗ್ಗಿದ್ದು ಪಾತ್ರೆಯ ಕೆಳಗೆ ಉರಿ ಎಷ್ಟಿದೆ ಅಂತ ನೋಡಲು. ಗಾಜಿನ ಕೆಳಗಿನ ತಂತಿ ಕೆಂಪಗೆ ಕಂಡಿತು, ಸಮಾಧಾನವಾಯಿತು. ಅಷ್ಟರಲ್ಲಿ ಪಟ್ಟನೆ ಕಪ್ಪಾಯಿತು. "ಆರಿಹೋಯ್ತು ಕಣೇ!" ಅಂತ ಪ್ಲಸ್ ಒತ್ತಿದಳು. ಆರುವುದು ಇದರ ಸ್ವಭಾವ. 3ಕ್ಕೆ ಇಟ್ಟರೆ ಸಣ್ಣಗೆ ಉರಿಯುವುದಿಲ್ಲ. ಸ್ವಲ್ಪ ಹೊತ್ತು ಪೂರ್ತಿ ಉರಿ, ಸ್ವಲ್ಪ ಹೊತ್ತು ಪೂರ್ತಿ ನಿದ್ದೆ, ಒಟ್ಟು ಲೆಕ್ಕ ಸಣ್ಣ ಉರಿ. ಮನೆಕೆಲಸಕ್ಕೆ ಕೈಜೋಡಿಸುತ್ತೇನೆ ಅನ್ನುವ ಗಂಡಸರ ಹಾಗೆ. ಕಪ್ಪಾದಾಗಲೆಲ್ಲ ಅಮ್ಮ ಒಂದೊಂದು ಪ್ಲಸ್ ಒತ್ತುತ್ತಾ ಹೋಗಿ 9 ಮುಟ್ಟಿಸಿದಳು. ಅವತ್ತಿನ ಪಾತ್ರೆಯ ತಳವನ್ನು ಇನ್ನೂ ಉಜ್ಜುತ್ತಿದ್ದೇನೆ.

ಅಮ್ಮ ಪಕ್ಕದ ಕೋಣೆಯಲ್ಲಿ ಕೂತೇ ಒಲೆ ನೋಡಿಕೊಳ್ಳುತ್ತಿದ್ದವಳು. ಬುಸ್ ಅನ್ನುವ ಸದ್ದು ಕೇಳಿಯೇ "ಉರಿ ಜೋರಾಯ್ತು, ಸಣ್ಣ ಮಾಡು" ಅಂತ ಕೂಗುತ್ತಿದ್ದಳು. ಒಂದು ಸಲವೂ ತಪ್ಪುತ್ತಿರಲಿಲ್ಲ. ಈ ಒಲೆಗೆ ಸದ್ದಿಲ್ಲ. ಅವಳಿಗೆ ಕೂಗಲು ಏನೂ ಇರಲಿಲ್ಲ. ಸುಮ್ನೆ ಕೂತಿರುತ್ತಿದ್ದಳು. ಹೊರಡುವ ದಿನ ಬೆಳಿಗ್ಗೆ ಒಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು ಸ್ವಲ್ಪ ಹೊತ್ತು ನಿಂತಳು. "ಪಾಪ, ಒಳಗೊಳಗೇ ಉರಿಯುತ್ತೆ" ಅಂದಳು.

ಇನ್ನು ನಿನ್ನೆಯ ವಿಷಯ.

ಭಾನುವಾರ ಇವರಿಗೆ ಶರಬತ್ತಿಗೆ ಪಾಕ ಮಾಡುವ ಹುಮ್ಮಸ್ಸು ಬಂತು. ಸಕ್ಕರೆ, ನೀರು, ನಂಬರ್ 9. ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಪಾಕದ ವಿಡಿಯೋ. ವಿಡಿಯೋದ ಪಾಕ ಕುದಿಯುವುದನ್ನು ನೋಡುತ್ತಾ ನಿಂತಿದ್ದರು, ಎದುರಿಗಿದ್ದದ್ದು ಉಕ್ಕಿತು. ಆಫ್ ಒತ್ತಿದರು. ಆಫ್ ಒತ್ತಿದರೆ ಏನಾಗುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ.

ಈ ಒಲೆಯಲ್ಲಿ ಏನೇ ಚೆಲ್ಲಿದರೂ ತಣಿದ ಮೇಲೆ ಒರೆಸಬೇಕು. ಸಕ್ಕರೆ ಚೆಲ್ಲಿದರೆ ಮಾತ್ರ ಉಲ್ಟಾ. ಬಿಸಿ ಇರುವಾಗಲೇ ಬ್ಲೇಡಿನಲ್ಲಿ ಕೆರೆದು ತೆಗೆಯಬೇಕು. ತಣಿಯುವಾಗ ಸಕ್ಕರೆ ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ. ಅಂಟಿಕೊಂಡ ಸಕ್ಕರೆ ಗಾಜಿನ ಚೂರನ್ನೇ ಕಿತ್ತುಕೊಂಡು ಬರುತ್ತದೆ. ಯಾವ ಗುಣವನ್ನು ಇವರು ಅಷ್ಟು ಹೊಗಳಿದ್ದರೋ ಅದೇ ಗುಣ.

ನಾನು ದಪ್ಪ ಕೈಗವಸು ಹಾಕಿಕೊಂಡು, ಬ್ಲೇಡ್ ಹಿಡಿದು ಓಡಿ ಬಂದೆ. ಇವರು ಎರಡೂ ಕೈ ಚಾಚಿ ಒಲೆಗೆ ಅಡ್ಡ ನಿಂತರು.

"ಮುಟ್ಟಬೇಡ! ಎಚ್ ಉರೀತಿದೆ!"

"ಸಕ್ಕರೆ ರೀ ಅದು! ಈಗಲೇ ಕೆರೀಬೇಕು!"

"ತಣಿದ ಮೇಲೆ ಅಂತ ಪುಸ್ತಕದಲ್ಲಿದೆ. ನಾನೇ ಗೆರೆ ಎಳೆದಿದ್ದೀನಿ."

"ಆ ಗೆರೆಯ ಕೆಳಗಿನ ಸಾಲು ಓದಿ!"

ಪುಸ್ತಕ ತರಲು ಹೋದರು. ಪುಸ್ತಕ ಸಿಕ್ಕಿತು, ಕನ್ನಡಕ ಸಿಗಲಿಲ್ಲ. ಹೋಗುವಾಗ ನನ್ನ ಕೈಯಿಂದ ಬ್ಲೇಡನ್ನೂ ಕಿತ್ತುಕೊಂಡು ಹೋಗಿದ್ದರು, ನನ್ನ ಒಳ್ಳೆಯದಕ್ಕೇ. ನಾನು ಬರಿಗೈಲಿ ನಿಂತು ಪಾಕ ಹೊಂಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುವುದನ್ನು ನೋಡಿದೆ. ನೊರೆಯ ಗುಳ್ಳೆಗಳು ಹಾಗೇ ಗಟ್ಟಿಯಾದವು. ಕನ್ನಡಕ ಅವರ ತಲೆಯ ಮೇಲೇ ಇತ್ತು. ಅದನ್ನು ಇಳಿಸಿಕೊಂಡು ಬಂದು ಗಟ್ಟಿಯಾಗಿ ಓದಲು ಶುರು ಮಾಡಿದರು. "ಆದರೆ ಸಕ್ಕರೆ ಅಂಶ ಚೆಲ್ಲಿದರೆ, ತಣಿಯುವ ಮೊದಲೇ..." ದನಿ ಸಣ್ಣದಾಯಿತು. ಹಿಂದೆ ಎಚ್ ಕೂಡ ಆರಿತು.

ಮತ್ತೆ ಸ್ವಲ್ಪ ಬಿಸಿ ಮಾಡಿ ಮೆತ್ತಗಾದಷ್ಟನ್ನು ಕೆರೆದೆ. ಅಡುಗೆ ಸೋಡಾ ಹರಡಿ ಒದ್ದೆ ಬಟ್ಟೆ ಮುಚ್ಚಿಟ್ಟೆ, ಉಜ್ಜಿದೆ, ಕೆರೆದೆ, ಮತ್ತೆ ಉಜ್ಜಿದೆ. ಕೊನೆಯ ಚೂರು ಟಿಕ್ ಅಂತ ಎದ್ದು ಬಂತು. ಜೊತೆಗೆ ಗಾಜೂ ಬಂತು. ಎಡಗಡೆ ಹಿಂದಿನ ವೃತ್ತದೊಳಗೆ ಈಗ ಸಾಸಿವೆ ಕಾಳಿನಷ್ಟು ಗುಳಿ ಬಿದ್ದಿದೆ. ಇವರು ಪಕ್ಕದಲ್ಲೇ ನಿಂತಿದ್ದರು. ನಾನೂ ಏನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ.

ರಾತ್ರಿ ಊಟವಾದ ಮೇಲೆ ಎಂದಿನ ಹಾಗೆ ಅಡುಗೆಮನೆಯ ಲೈಟ್ ಆರಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಟಾರ್ಚ್ ಬಲಗಡೆಯಿಂದ ಹೊರಟಿತು, ನಿಧಾನವಾಗಿ, ಒಂದೊಂದು ಬೆರಳಗಲ. ಎಡಗಡೆ ಹಿಂದಕ್ಕೆ ಬರುತ್ತಿದ್ದಂತೆ ಗುಳಿಯ ನೆರಳು ಉದ್ದಕ್ಕೆ ಚಾಚಿಕೊಂಡಿತು. ಬಾಗಿಲಿನಿಂದಲೇ ಕಾಣುತ್ತಿತ್ತು, ಬಗ್ಗುವುದೇ ಬೇಡ. ಟಾರ್ಚ್ ನಿಲ್ಲಲಿಲ್ಲ. ಸರ್ರನೆ ಮುಂದೆ ಹೋಯಿತು.

"ಇವತ್ತು ಚೆನ್ನಾಗಿ ಒರೆಸಿದ್ದೀಯ" ಅಂತ ಲೈಟ್ ಹಾಕಿದರು.

ಹೊರಗೆ ಬರುವ ಮೊದಲು ಬಲಗಡೆ ಇದ್ದ ಹಾಲಿನ ಪಾತ್ರೆಯನ್ನು ತಂದು ಎಡಗಡೆ ಹಿಂದಿನ ವೃತ್ತದ ಮೇಲೆ ಇಟ್ಟರು. ಎಳೆಯಲಿಲ್ಲ, ಎತ್ತಿ ಇಟ್ಟರು.